ಮೂರು ಸಲ ಬಿಗಿ ಮಾಡಿದರೂ ನಿಲ್ಲದ ಕ್ರ್ಯಾಂಕ್, ಫೋನಿನಲ್ಲೇ ಮುಗಿದುಹೋದ ವಾರಂಟಿ

ಪ್ರಶ್ನೆ: ಎಂಟು ತಿಂಗಳ ಹಿಂದೆ ಬೆಂಗಳೂರಿನ ಒಂದು ಅಂಗಡಿಯಲ್ಲಿ 21,500 ರೂಪಾಯಿಗೆ ಗೇರ್ ಸೈಕಲ್ ಕೊಂಡೆ. ನಾನಿರುವುದು ತುಮಕೂರಿನಲ್ಲಿ. ಕೆಲಸಕ್ಕೆ ಹೋಗಿ ಬರಲು ದಿನಾ 14 ಕಿಲೋಮೀಟರ್ ತುಳಿಯುತ್ತೇನೆ. ಎರಡನೇ ತಿಂಗಳಲ್ಲೇ ಎಡಗಡೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಅಲುಗಾಡತೊಡಗಿತು. ಕೊಂಡ ಅಂಗಡಿಯವರು ಎರಡು ಸಲ ಬಿಗಿ ಮಾಡಿಕೊಟ್ಟರು, ಬಿಲ್ ಕೊಡಲಿಲ್ಲ. ಮೂರನೇ ಸಲ ನಮ್ಮೂರಿನ ಮೆಕ್ಯಾನಿಕ್ ಕೈಲಿ ಬಿಗಿ ಮಾಡಿಸಿದೆ. ಕಳೆದ ವಾರ ಏರು ಹತ್ತುವಾಗ ಕ್ರ್ಯಾಂಕ್ ಪೂರ್ತಿ ಕಳಚಿ ರಸ್ತೆಗೆ ಬಿತ್ತು. ನಾನು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ವಾರಂಟಿ ಕೇಳಿದರೆ ಕಂಪನಿಯವರು ಫೋನಿನಲ್ಲಿ, 'ಸಡಿಲವಿದ್ದಾಗ ಓಡಿಸಿ ನೀವೇ ಹಾಳು ಮಾಡಿದ್ದೀರಿ, ಅದು ಸವೆಯುವ ಭಾಗ, ಹೊರಗಿನವರ ಕೈಲಿ ಮುಟ್ಟಿಸಿದ್ದೀರಿ, ವಾರಂಟಿ ಬರೋದಿಲ್ಲ' ಎಂದರು. ತಪ್ಪು ನನ್ನದೇನಾ? ಈಗ ಏನು ಮಾಡಲಿ?

ಉತ್ತರ:

ಮೊದಲು ಎರಡು ಮಾತು. ಆ ಸೈಕಲ್ಲನ್ನು ಸದ್ಯಕ್ಕೆ ತುಳಿಯಬೇಡಿ, ಅಂಗಡಿಯವರೆಗೂ ಬೇಡ. ಮತ್ತೆ, ಹೊಸ ಕ್ರ್ಯಾಂಕ್ ಹಾಕಿಸುವ ಆತುರವೂ ಬೇಡ. ಕಳಚಿ ಬಿದ್ದ ಆ ಕ್ರ್ಯಾಂಕ್ ಮತ್ತು ಅದರ ಬೋಲ್ಟ್ ಇದೆಯಲ್ಲ, ಅವೇ ನಿಮ್ಮ ಸಾಕ್ಷಿ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎತ್ತಿಡಿ. ತೊಳೆಯಬೇಡಿ, ಉಜ್ಜಬೇಡಿ, ಯಾರ ಕೈಗೂ ಕೊಟ್ಟುಬಿಡಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ವರ್ಷಗಳ ಹಿಂದೆ ನನ್ನದೇ ಸೈಕಲ್ಲಿನ ಎಡ ಕ್ರ್ಯಾಂಕ್ ನಂದಿ ಬೆಟ್ಟದ ದಾರಿಯಲ್ಲಿ ಹೀಗೇ ಸಡಿಲವಾಯಿತು. ಮರುದಿನ ಸವಾರಿ ಇತ್ತು ಅಂತ ಅವತ್ತೇ ಹೊಸದು ಹಾಕಿಸಿಕೊಂಡೆ. ಹಳೆಯದನ್ನು ಅಂಗಡಿಯವರು ಗುಜರಿಗೆ ಎಸೆದರು. ಆಮೇಲೆ ವಾರಂಟಿ ಕೇಳಿದಾಗ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. 'ಸವೆದಿರುತ್ತೆ ಬಿಡಿ' ಎಂದರು. ಸವೆದಿರಲಿಲ್ಲ ಎಂದು ಹೇಳಲು ನನಗೆ ದಾರಿಯೇ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನೀವು ಬರೆದಿದ್ದರಲ್ಲಿ ಮೂರು ಸಂಗತಿ ನನಗೆ ಮುಖ್ಯವಾಗಿ ಕಂಡವು. ಸಡಿಲವಾಗಿದ್ದು ಎಡಗಡೆ. ಶುರುವಾಗಿದ್ದು ಎರಡನೇ ತಿಂಗಳಲ್ಲಿ. ಬಿಗಿ ಮಾಡಿದ ಮೇಲೂ ಮತ್ತೆ ಮತ್ತೆ ಸಡಿಲವಾಯಿತು. ಈ ಮೂರನ್ನೂ ಅರ್ಥ ಮಾಡಿಕೊಂಡರೆ ಕಂಪನಿಯ ಉತ್ತರ ಎಷ್ಟು ಸರಿ, ಎಷ್ಟು ತಪ್ಪು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ನಿಮ್ಮ ಬೆಲೆಯ ಸೈಕಲ್ಲುಗಳಲ್ಲಿ ಹೆಚ್ಚಾಗಿ ಇರುವುದು ಚೌಕದ ಆಕ್ಸಲ್, ಅಂದರೆ ಎರಡೂ ಕ್ರ್ಯಾಂಕನ್ನು ಜೋಡಿಸುವ ಚೌಕ ತುದಿಯ ದಂಡ. ಮೆಕ್ಯಾನಿಕ್‌ಗಳು ಸ್ಕ್ವೇರ್ ಟೇಪರ್ ಎನ್ನುತ್ತಾರೆ. ಬಿಬಿ, ಅಂದರೆ ಫ್ರೇಮಿನ ತಳದಲ್ಲಿ ಬೇರಿಂಗ್ ಇರುವ ಬಾಟಮ್ ಬ್ರಾಕೆಟ್, ಅದರ ಒಳಗಿನ ಉಕ್ಕಿನ ಆಕ್ಸಲ್‌ನ ಎರಡೂ ತುದಿ ನಾಲ್ಕು ಮುಖದ ಚೌಕ. ಪ್ರತಿ ಮುಖವೂ ತುದಿಯ ಕಡೆಗೆ 2 ಡಿಗ್ರಿಯಷ್ಟು ಕಿರಿದಾಗುತ್ತಾ ಹೋಗುತ್ತದೆ. ಅಲ್ಯೂಮಿನಿಯಂ ಕ್ರ್ಯಾಂಕಿನಲ್ಲಿ ಅದೇ ಆಕಾರದ ತೂತು ಇರುತ್ತದೆ. ಬೋಲ್ಟ್ ತಿರುಗಿಸಿದ ಹಾಗೆ ಕ್ರ್ಯಾಂಕ್ ಆ ಇಳಿಜಾರಿನ ಮೇಲೆ ಏರುತ್ತಾ ಹೋಗಿ ಬಿರಡೆ ಜಡಿದಂತೆ ಕೂರುತ್ತದೆ. ಹಿಡಿತ ಇರುವುದು ಈ ಜಡಿತದಲ್ಲಿ. ಬೋಲ್ಟ್ ಕ್ರ್ಯಾಂಕನ್ನು ಅಲ್ಲಿಗೆ ತಳ್ಳುತ್ತದೆ, ಆಮೇಲೆ ಜಾರದಂತೆ ಕಾಯುತ್ತದೆ, ಅಷ್ಟೇ.

ಹಾಗಾಗಿ ಎಷ್ಟು ಬಲ ಹಾಕಿ ಬಿಗಿ ಮಾಡಿದರು ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಈ ಬೋಲ್ಟಿಗೆ ಸಾಮಾನ್ಯವಾಗಿ ಬೇಕಾಗುವುದು 35ರಿಂದ 45 ನ್ಯೂಟನ್ ಮೀಟರ್. ಕೈಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, 25 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಗೆ ಸುಮಾರು 16 ಕಿಲೋ ತೂಕ ತೂಗು ಹಾಕಿದಷ್ಟು ಬಲ. ಅದು ಕಡಿಮೆ ಏನಲ್ಲ. ಸೈಕಲ್ ಜೊತೆ ಕೊಡುವ ಬೆರಳುದ್ದದ ಎಲ್-ಕೀ ಹಿಡಿದು ಅಷ್ಟು ಬಲ ಹಾಕಲು ಆಗುವುದೇ ಇಲ್ಲ. 'ಫುಲ್ ಟೈಟ್ ಮಾಡಿದ್ದೀನಿ ಸಾರ್' ಎಂದು ಪ್ರಾಮಾಣಿಕವಾಗಿ ಹೇಳುವವರೂ ಬೇಕಾದ್ದರ ಅರ್ಧದಷ್ಟೇ ಬಿಗಿ ಮಾಡಿರುತ್ತಾರೆ. ನಾನು ಎಷ್ಟೋ ಸಲ ನೋಡಿದ್ದೇನೆ.

ಯಾಕೆ ಯಾವಾಗಲೂ ಎಡಗಡೆಯದೇ? ಚೈನ್ ಎಳೆಯುವ ಚಕ್ರ ಇರುವುದು ಬಲಗಡೆ. ಬಲಗಾಲು ಒತ್ತಿದ ಬಲ ಬಲ ಕ್ರ್ಯಾಂಕಿನಿಂದ ನೇರವಾಗಿ ಆ ಚಕ್ರಕ್ಕೆ ಹೋಗುತ್ತದೆ. ಆಕ್ಸಲ್ಲನ್ನು ತಿರುಚುವ ಕೆಲಸವೇ ಅದಕ್ಕಿಲ್ಲ. ಎಡಗಾಲಿನ ಬಲ ಹಾಗಲ್ಲ. ಎಡ ಕ್ರ್ಯಾಂಕಿನಿಂದ ಆ ಚೌಕದ ಕೂಡಿಕೆಗೆ, ಅಲ್ಲಿಂದ ಆಕ್ಸಲ್ ಉದ್ದಕ್ಕೂ ಹಾದು ಬಲಗಡೆಗೆ ಹೋಗಬೇಕು. ಅಂದರೆ ಎಡಗಡೆಯ ಕೂಡಿಕೆ ಒಂದೇ ಹೊತ್ತಿಗೆ ಬಾಗುವ ಒತ್ತಡವನ್ನೂ ತಿರುಚುವ ಒತ್ತಡವನ್ನೂ ತಡೆದುಕೊಳ್ಳಬೇಕು. ಎರಡೂ ಕಡೆ ಒಂದೇ ಅಳತೆಯಲ್ಲಿ ಸ್ವಲ್ಪ ಕಡಿಮೆ ಬಿಗಿ ಮಾಡಿದ್ದರೂ ಮೊದಲು ಸೋಲುವುದು ಎಡಗಡೆಯೇ. ನಿಮ್ಮ ತುಳಿತದ ರೀತಿಯಲ್ಲಿ ಏನೋ ದೋಷವಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ಸಲ ಸಡಿಲವಾದ ಮೇಲೆ ಆಗುವುದು ಬೇರೆ ಕಥೆ. ಉಕ್ಕು ಗಟ್ಟಿ, ಅಲ್ಯೂಮಿನಿಯಂ ಮೆತ್ತಗೆ. ಪ್ರತಿ ತುಳಿತಕ್ಕೂ ಆಕ್ಸಲ್‌ನ ಚೌಕದ ಮೂಲೆಗಳು ಕ್ರ್ಯಾಂಕಿನ ತೂತನ್ನು ಒಳಗಿನಿಂದ ಉಜ್ಜಿ ಅಗಲ ಮಾಡುತ್ತವೆ. ಚೌಕದ ತೂತು ಮೆಲ್ಲಗೆ ದುಂಡಾಗುತ್ತದೆ. ಕೆಲವೇ ಕಿಲೋಮೀಟರಿನಲ್ಲಿ ಇದು ನಡೆದುಬಿಡಬಹುದು. ದುಂಡಾದ ತೂತನ್ನು ಯಾರು ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಎರಡು ದಿನ ಗಟ್ಟಿ ಇರುತ್ತದೆ, ಮೂರನೇ ದಿನ ಮತ್ತೆ ಟಕ್ ಟಕ್. ನಿಮಗೆ ಆಗಿದ್ದು ಇದೇ ಅಲ್ವಾ?

ನಮ್ಮ ಅಪ್ಪಂದಿರ ಕಾಲದ ಕಪ್ಪು ಸೈಕಲ್ ನೆನಪಿಸಿಕೊಳ್ಳಿ. ಹೀರೊ, ಅಟ್ಲಾಸ್, ಬಿಎಸ್ಎ ಇವುಗಳಲ್ಲಿ ಕ್ರ್ಯಾಂಕ್ ನಿಲ್ಲುತ್ತಿದ್ದುದು ಕಾಟರ್ ಪಿನ್ ಮೇಲೆ. ಸಡಿಲವಾದರೆ ಮೂಲೆ ಅಂಗಡಿಯವನು ಒಂದು ಹೊಸ ಪಿನ್ ತೆಗೆದು, ಅರದಿಂದ ಸ್ವಲ್ಪ ಉಜ್ಜಿ, ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ ನಟ್ ಕಟ್ಟಿಕೊಡುತ್ತಿದ್ದ. ಅಲ್ಲಿ ಸವೆಯುತ್ತಿದ್ದುದು ಚಿಲ್ಲರೆ ದುಡ್ಡಿನ ಪಿನ್, ಕ್ರ್ಯಾಂಕ್ ಉಕ್ಕಿನದು, ಅದಕ್ಕೆ ಏನೂ ಆಗುತ್ತಿರಲಿಲ್ಲ. ಈಗಿನ ಸೈಕಲ್ಲಿನಲ್ಲಿ ಬಲಿಯಾಗುವುದು ಕ್ರ್ಯಾಂಕೇ. ಆದರೆ ಬಹಳ ಮೆಕ್ಯಾನಿಕ್‌ಗಳ ಕೈ ಇನ್ನೂ ಹಳೆಯ ಅಭ್ಯಾಸದಲ್ಲೇ ಇದೆ. ಸಡಿಲವಾಯಿತಾ, ಬಿಗಿ ಮಾಡು, ಕಳಿಸು. ತೂತು ನೋಡುವುದೇ ಇಲ್ಲ. ಅವರನ್ನು ದೂರಲು ಹೇಳುತ್ತಿಲ್ಲ. ಆದರೆ ನೀವು ಎರಡನೇ ಸಲ ಹೋದಾಗಲಾದರೂ ಕೊಂಡ ಅಂಗಡಿಯವರು ಕ್ರ್ಯಾಂಕ್ ಬಿಚ್ಚಿ ತೂತು ನೋಡಬೇಕಿತ್ತು. ಅವತ್ತೇ ಅದನ್ನು ಬದಲಿಸಬೇಕಿತ್ತು. ನಿಮ್ಮ ದೂರಿನ ತಿರುಳು ಇದೇ.

ಕಂಪನಿಯವರ ಮೊದಲ ಮಾತನ್ನೇ ತೆಗೆದುಕೊಳ್ಳಿ. 'ಸಡಿಲವಿದ್ದಾಗ ಓಡಿಸಿ ಹಾಳಾಗಿದೆ.' ತೂತು ದುಂಡಾಗಿದ್ದು ಸಡಿಲವಾಗಿ ಓಡಿದ್ದರಿಂದ, ಅದು ನಿಜ. ನೀವು ಒಪ್ಪಿಕೊಳ್ಳಿ, ವಾದಿಸಬೇಡಿ. ನೀವು ಕೇಳಬೇಕಾದ್ದು ಅದರ ಹಿಂದಿನ ಪ್ರಶ್ನೆ. ಮೊದಲು ಸಡಿಲವಾಗಿದ್ದು ಯಾಕೆ? ಸೈಕಲ್ ಡಬ್ಬದಲ್ಲಿ ಬರುವಾಗ ಸಾಮಾನ್ಯವಾಗಿ ಕ್ರ್ಯಾಂಕ್ ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಅಂಗಡಿಯವರು ಪೆಡಲ್, ಹ್ಯಾಂಡಲ್, ಮುಂದಿನ ಗಾಲಿ, ಸೀಟು ಹಾಕಿ, ಎಲ್ಲ ಬೋಲ್ಟುಗಳನ್ನೂ ಒಮ್ಮೆ ನೋಡಿ ಕೊಡಬೇಕು. ಎರಡು ತಿಂಗಳು ತುಳಿದಷ್ಟಕ್ಕೇ ಕ್ರ್ಯಾಂಕ್ ಅಲುಗಾಡಿದರೆ ಒಂದೋ ಕಾರ್ಖಾನೆಯ ಬಿಗಿತ ಕಡಿಮೆ ಇತ್ತು, ಇಲ್ಲವೇ ಅಂಗಡಿಯವರು ನೋಡಲಿಲ್ಲ, ಇಲ್ಲವೇ ಕ್ರ್ಯಾಂಕಿನ ತೂತಿನ ಅಳತೆಯೇ ಸರಿಯಿರಲಿಲ್ಲ. ಮೂರರಲ್ಲಿ ಯಾವುದೇ ಆದರೂ ಅದು ನಿಮ್ಮ ಕೈಯಿಂದ ಆದದ್ದಲ್ಲ.

ಇದನ್ನು ತೋರಿಸಲು ಒಂದು ಒಳ್ಳೆಯ ಸಾಕ್ಷಿ ಸೈಕಲ್ಲಿನಲ್ಲೇ ಉಳಿದಿದೆ. ಬಲಗಡೆಯ ಕ್ರ್ಯಾಂಕ್. ಅದನ್ನು ಯಾರೂ ಮುಟ್ಟಿಲ್ಲ ಎಂದುಕೊಂಡಿದ್ದೇನೆ. ಟಾರ್ಕ್ ರೆಂಚ್ (ಹೊಂದಿಸಿಟ್ಟ ಬಲ ಮುಟ್ಟಿದೊಡನೆ 'ಕ್ಲಿಕ್' ಎನ್ನುವ ಸ್ಪ್ಯಾನರ್) ಇರುವ ಒಬ್ಬ ಮೆಕ್ಯಾನಿಕ್ ಹತ್ತಿರ ಸೈಕಲ್ ತಳ್ಳಿಕೊಂಡು ಹೋಗಿ. ರೆಂಚನ್ನು 35ಕ್ಕೆ ಇಟ್ಟು ಬಲಗಡೆ ಬೋಲ್ಟನ್ನು ಬಿಗಿ ಮಾಡುವ ದಿಕ್ಕಿಗೇ ತಿರುಗಿಸಲು ಹೇಳಿ. ಬಿಚ್ಚುವ ದಿಕ್ಕಿಗೆ ಬೇಡ, ಬಿಚ್ಚಲು ಬೇಕಾಗುವ ಬಲ ಕಡಿಮೆ, ಅದರಿಂದ ಏನೂ ತಿಳಿಯುವುದಿಲ್ಲ. ರೆಂಚ್ 'ಕ್ಲಿಕ್' ಎನ್ನುವ ಮೊದಲೇ ಬೋಲ್ಟ್ ಜರುಗಿದರೆ, ಬಲಗಡೆಯೂ ಬೇಕಾದಷ್ಟು ಬಿಗಿ ಇಲ್ಲ ಎಂದಾಯಿತು. ಕೆಲವು ತಿಂಗಳು ತುಳಿದ ಮೇಲೆ ಸ್ವಲ್ಪ ಬಿಗಿತ ತಾನಾಗಿ ಇಳಿದಿರಬಹುದು, ಹಾಗಾಗಿ ಇದೊಂದೇ ಪೂರ್ತಿ ಪುರಾವೆ ಅಲ್ಲ. ಆದರೂ ಬೋಲ್ಟ್ ಕಾಲು ಸುತ್ತು ಸಲೀಸಾಗಿ ತಿರುಗಿದರೆ ಅದನ್ನು ಅಲ್ಲಗಳೆಯುವುದು ಯಾರಿಗೂ ಸುಲಭವಲ್ಲ. ಇಡೀ ಕೆಲಸವನ್ನು ಫೋನಿನಲ್ಲಿ ಒಂದೇ ವಿಡಿಯೊ ಆಗಿ ತೆಗೆಯಿರಿ. ಸೈಕಲ್ಲಿನ ಫ್ರೇಮ್ ನಂಬರ್, ರೆಂಚಿನ ಅಂಕಿ, ಬೋಲ್ಟು ಎಲ್ಲ ಅದರಲ್ಲಿ ಕಾಣಬೇಕು.

ಎಡ ಕ್ರ್ಯಾಂಕಿನ ತೂತಿನ ಫೋಟೊ ಹಗಲು ಬೆಳಕಿನಲ್ಲಿ ನೇರವಾಗಿ, ಹತ್ತಿರದಿಂದ ತೆಗೆಯಿರಿ. ನಾಲ್ಕು ಮೂಲೆ ಕಾಣಬೇಕು. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಒಳ್ಳೆಯದು. ಆಕ್ಸಲ್ ತುದಿಯ ನಾಲ್ಕೂ ಮುಖದ ಫೋಟೊ ಬೇಕು. ಅಲ್ಲಿ ಚೌಕ ಚೂಪಾಗಿ ಉಳಿದಿದ್ದರೆ ಬಿಬಿ ಬದಲಿಸುವುದು ಬೇಡ, ಕ್ರ್ಯಾಂಕ್ ಒಂದೇ ಸಾಕು. ಕ್ರ್ಯಾಂಕಿನ ಒಳಬದಿಯಲ್ಲಿ ಅಚ್ಚೊತ್ತಿದ ಅಕ್ಷರ, ಅಂಕಿಗಳ ಫೋಟೊವನ್ನೂ ಬಿಡಬೇಡಿ. ತಯಾರಕರು ಯಾರು, ಉದ್ದ ಎಷ್ಟು ಎಲ್ಲ ಅಲ್ಲಿರುತ್ತದೆ.

ಇನ್ನೊಂದು ಸಂಗತಿ ನೀವೇ ನೋಡಬಹುದು. ಕ್ರ್ಯಾಂಕನ್ನು ಕೈಯಿಂದ ಆಕ್ಸಲ್ ಮೇಲೆ ಒತ್ತಿ ಕೂರಿಸಿ, ಬೋಲ್ಟ್ ಹಾಕದೆ ಹೊರಗಿನಿಂದ ನೋಡಿ. ಆಕ್ಸಲ್ ತುದಿ ಕ್ರ್ಯಾಂಕಿನ ಒಳಗೆ ಒಂದೆರಡು ಮಿಲಿಮೀಟರ್ ತಗ್ಗಿನಲ್ಲಿ ಇರಬೇಕು. ಬೋಲ್ಟಿನ ವಾಷರ್ ಕೂರುವ ಜಾಗಕ್ಕೇ ಆಕ್ಸಲ್ ತುದಿ ಸಮ ಬಂದಿದ್ದರೆ, ಬೋಲ್ಟ್ ಇನ್ನು ಮೇಲೆ ಆಕ್ಸಲ್ಲಿಗೆ ತಾಗಿ ನಿಲ್ಲುತ್ತದೆಯೇ ಹೊರತು ಕ್ರ್ಯಾಂಕನ್ನು ತಳ್ಳುವುದಿಲ್ಲ. ಅಲ್ಲಿಗೆ ಆ ಕ್ರ್ಯಾಂಕಿನ ಆಯುಸ್ಸು ಮುಗಿಯಿತು. ಬೋಲ್ಟ್ ಕಲ್ಲಿನಂತೆ ಗಟ್ಟಿ ಇರುತ್ತದೆ, ಕ್ರ್ಯಾಂಕ್ ಮಾತ್ರ ಅಲುಗಾಡುತ್ತದೆ. ನಿಮ್ಮೂರಿನ ಮೆಕ್ಯಾನಿಕ್ಕಿಗೆ ಗೊಂದಲ ಆಗಿದ್ದರೆ ಇದರಿಂದಲೇ ಆಗಿರಬಹುದು.

ಎರಡನೇ ಕಾರಣ, 'ಸವೆಯುವ ಭಾಗ.' ವಾರಂಟಿ ಕಾರ್ಡ್ ತೆಗೆದು ಓದಿ. ಟಯರ್, ಟ್ಯೂಬ್, ಬ್ರೇಕ್ ಪ್ಯಾಡ್, ಚೈನ್, ಕೇಬಲ್ ಇವು ತುಳಿದಂತೆ ಸವೆಯಲೇಬೇಕಾದವು. ಕ್ರ್ಯಾಂಕ್ ಅಂಥದ್ದಲ್ಲ. ಸರಿಯಾಗಿ ಕೂತ ಕೂಡಿಕೆಯಲ್ಲಿ ಒಂದಕ್ಕೊಂದು ಜಾರಾಟವೇ ಇರಬಾರದು. ಜಾರಾಟ ಇಲ್ಲದ ಮೇಲೆ ಸವೆತ ಎಲ್ಲಿಂದ? 20 ವರ್ಷ ತುಳಿದ ಸೈಕಲ್ಲಿನಲ್ಲೂ ಮೊದಲಿನ ಕ್ರ್ಯಾಂಕ್ ಹಾಗೇ ಇರುವುದನ್ನು ಯಾವ ಮೆಕ್ಯಾನಿಕ್ ಆದರೂ ತೋರಿಸುತ್ತಾನೆ. ಕಾರ್ಡಿನ ಪಟ್ಟಿಯಲ್ಲಿ ಕ್ರ್ಯಾಂಕ್ ಎಂಬ ಪದ ಇಲ್ಲದಿದ್ದರೆ ಅವರ ಎರಡನೇ ಕಾರಣ ಬಿದ್ದುಹೋಯಿತು. ಇದ್ದರೂ ಹೆದರಬೇಕಿಲ್ಲ. ಸವೆತ ಬೇರೆ, ಕೂಡಿಸುವಾಗಿನ ತಪ್ಪು ಬೇರೆ.

ಮೂರನೆಯದು, 'ಹೊರಗಿನವರು ಮುಟ್ಟಿದ್ದಾರೆ.' ಇಲ್ಲಿ ನೀವು ಹುಷಾರಾಗಿರಬೇಕು, ಯಾಕೆಂದರೆ ಹಲವು ಕಾರ್ಡುಗಳಲ್ಲಿ ಈ ಷರತ್ತು ನಿಜಕ್ಕೂ ಇರುತ್ತದೆ. ನಿಮಗೆ ಅನುಕೂಲವಾದ್ದು ದಿನಾಂಕಗಳ ಕ್ರಮ. ಅಂಗಡಿಯವರು ಎರಡು ಸಲ ಬಿಗಿ ಮಾಡಿದ ಮೇಲೆ ತಾನೆ ಹೊರಗಿನವರು ಮುಟ್ಟಿದ್ದು? ಬಿಲ್ ಇಲ್ಲ ಎಂದಿರಿ. ಪರವಾಗಿಲ್ಲ. ಅಂಗಡಿಗೆ ಮಾಡಿದ ಫೋನ್ ಕರೆಗಳ ಪಟ್ಟಿ, ವಾಟ್ಸಾಪ್ ಸಂದೇಶ, ಆ ದಿನದ ರೈಲು ಅಥವಾ ಬಸ್ ಟಿಕೆಟ್, ಗೂಗಲ್ ಮ್ಯಾಪಿನ ಹಳೆಯ ದಾಖಲೆ, ಅಂಗಡಿಯಲ್ಲಿ ತೆಗೆದ ಒಂದು ಫೋಟೊ, ಯಾವುದಾದರೂ ಒಂದು ಸಿಗುತ್ತದೆ. ಹುಡುಕಿ. ಊರಿನ ಮೆಕ್ಯಾನಿಕ್ ಹತ್ತಿರ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಯಾವ ದಿನ ಬಂದರು, ಕ್ರ್ಯಾಂಕ್ ಆಗಲೇ ಸಡಿಲವಿತ್ತು, ಬೋಲ್ಟ್ ಬಿಗಿ ಮಾಡಿದ್ದು ಬಿಟ್ಟು ಬೇರೇನೂ ಮಾಡಲಿಲ್ಲ ಎಂದು. ಸಹಿ, ದಿನಾಂಕ ಇರಲಿ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮೂರನೇ ಸಲ ಸಡಿಲವಾದ ಮೇಲೂ ನೀವು ವಾರಗಟ್ಟಲೆ ಹಾಗೇ ತುಳಿದಿದ್ದರೆ, ಅದರ ಸ್ವಲ್ಪ ಹೊಣೆ ನಿಮ್ಮ ಮೇಲೂ ಬರುತ್ತದೆ. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಿಜವಾದ ದೂರಿಗೂ ಬೆಲೆ ಇರುವುದಿಲ್ಲ.

ಇನ್ನು ಬರೆಯುವ ಕೆಲಸ. ಫೋನಿನಲ್ಲಿ ಕೊಟ್ಟ ನಿರಾಕರಣೆಗೆ ಲೆಕ್ಕವೇ ಇಲ್ಲ ಎಂದುಕೊಳ್ಳಿ. ಅಂಗಡಿಗೂ ಕಂಪನಿಗೂ ಒಂದೇ ಇಮೇಲ್ ಕಳಿಸಿ, ಇಬ್ಬರ ವಿಳಾಸವೂ ಒಟ್ಟಿಗೆ ಇರಲಿ. ಇಲ್ಲದಿದ್ದರೆ ಅವರು ಇವರ ಮೇಲೆ, ಇವರು ಅವರ ಮೇಲೆ ಹಾಕುತ್ತಾ ಕೂರುತ್ತಾರೆ. ಹೀಗೆ ಬರೆಯಬಹುದು:

'ಇಂಥ ದಿನ ನಿಮ್ಮಲ್ಲಿ ಸೈಕಲ್ ಕೊಂಡಿದ್ದೇನೆ. ಬಿಲ್ ನಂಬರ್, ಫ್ರೇಮ್ ನಂಬರ್ ಇದು. ಕೊಂಡ ಎರಡನೇ ತಿಂಗಳಲ್ಲಿ ಎಡ ಕ್ರ್ಯಾಂಕ್ ಸಡಿಲವಾಯಿತು. ಇಂಥ ಎರಡು ದಿನ ನಿಮ್ಮ ಅಂಗಡಿಯಲ್ಲೇ ಬಿಗಿ ಮಾಡಿದಿರಿ, ಆದರೆ ಕ್ರ್ಯಾಂಕ್ ಬಿಚ್ಚಿ ನೋಡಲಿಲ್ಲ. ಇಂಥ ದಿನ ಓಡುತ್ತಿರುವಾಗಲೇ ಅದು ಕಳಚಿ ಬಿತ್ತು. ಬಲಗಡೆ ಬೋಲ್ಟೂ 35 ನ್ಯೂಟನ್ ಮೀಟರ್ ಬಿಗಿತಕ್ಕೆ ನಿಲ್ಲಲಿಲ್ಲ, ವಿಡಿಯೊ ಇದೆ. ಎಡ ಕ್ರ್ಯಾಂಕ್ ಮತ್ತು ಬೋಲ್ಟ್ ಹೊಸದು ಹಾಕಿ, ಸರಿಯಾದ ಬಿಗಿತಕ್ಕೆ ಕೂರಿಸಿ ಕೊಡಬೇಕೆಂದು ಕೇಳುತ್ತೇನೆ. ನಿರಾಕರಿಸುವುದಾದರೆ ವಾರಂಟಿ ಕಾರ್ಡಿನ ಯಾವ ಷರತ್ತಿನ ಪ್ರಕಾರ, ಯಾರು ಪರೀಕ್ಷೆ ಮಾಡಿ, ಏನು ಕಂಡು ನಿರಾಕರಿಸಿದಿರಿ ಎಂದು 15 ದಿನದಲ್ಲಿ ಬರಹದಲ್ಲಿ ತಿಳಿಸಿ. ಹಳೆಯ ಕ್ರ್ಯಾಂಕ್ ನನ್ನ ಬಳಿ ಇದೆ. ಬೇಕಾದರೆ ನನ್ನ ಎದುರಿಗೇ ಪರೀಕ್ಷಿಸಿ.'

ವಿಡಿಯೊದ ಮಾತು ಬೋಲ್ಟ್ ನಿಜವಾಗಿ ಜರುಗಿದ್ದರೆ ಮಾತ್ರ ಬರೆಯಿರಿ. ಕೇಳಿದ್ದು ದೊಡ್ಡದಾಗದಿರಲಿ. ಹೊಸ ಸೈಕಲ್ ಬೇಕು, ಪೂರ್ತಿ ದುಡ್ಡು ವಾಪಸ್ ಬೇಕು ಎಂದು ಶುರು ಮಾಡಿದರೆ ಎದುರಿನವರು ಕೂಡಲೇ ಗಟ್ಟಿಯಾಗುತ್ತಾರೆ. ಚೌಕದ ಎಡ ಕ್ರ್ಯಾಂಕ್ ಕೆಲವು ನೂರು ರೂಪಾಯಿಯ ಸಾಮಾನು. ಯಾರು, ಏನು ನೋಡಿ ನಿರಾಕರಿಸಿದರು ಎಂಬ ಪ್ರಶ್ನೆ ಬರಹದಲ್ಲಿ ಹೋದ ಮೇಲೆ ಅಷ್ಟು ಕೊಟ್ಟು ಮುಗಿಸುವವರೇ ಜಾಸ್ತಿ. ಇದು ನನ್ನ ಅನುಭವದ ಮಾತು.

ಉತ್ತರ ಬರದಿದ್ದರೆ ಅಥವಾ ಮತ್ತೆ ಅದೇ ಮಾತು ಬಂದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ದೂರು ದಾಖಲಿಸಿಕೊಂಡು ಕಂಪನಿಗೆ ಕಳಿಸುತ್ತಾರೆ. ಇದು ಕೋರ್ಟ್ ಅಲ್ಲ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಆದರೂ ಕಾಲ್ ಸೆಂಟರಿನಲ್ಲಿ ನಿಂತಿದ್ದ ನಿಮ್ಮ ದೂರು ಕಂಪನಿಯಲ್ಲಿ ಬೇರೆ ಮೇಜಿಗೆ ಹೋಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಬಂದ ಮೇಲೆ ನಿಮ್ಮಂಥವರಿಗೆ ಒಂದು ದೊಡ್ಡ ಅನುಕೂಲ ಆಗಿದೆ. ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಸೆಕ್ಷನ್ 34ರಲ್ಲಿ ಅದು ಸ್ಪಷ್ಟವಾಗಿದೆ. ಬೆಂಗಳೂರಿಗೆ ಓಡಾಡಬೇಕಿಲ್ಲ, ತುಮಕೂರಿನಲ್ಲೇ ಆಗುತ್ತದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರೇ ಬೇಕೆಂದೂ ಇಲ್ಲ, ನೀವೇ ಹೇಳಿಕೊಳ್ಳಬಹುದು. ಇ-ಜಾಗೃತಿ ಎಂಬ ಸರ್ಕಾರಿ ಪೋರ್ಟಲ್ ಮೂಲಕ ಮನೆಯಿಂದಲೇ ದೂರು ಹಾಕಬಹುದು. ದೂರಿನ ಕಾರಣ ಹುಟ್ಟಿದ 2 ವರ್ಷದೊಳಗೆ ಕೊಡಬೇಕು, ನಿಮಗೆ ಇನ್ನೂ ಬೇಕಾದಷ್ಟು ಸಮಯವಿದೆ.

ಕಾಯ್ದೆಯಲ್ಲಿ ಒಂದು ಕಡೆ ಜನ ತಪ್ಪು ತಿಳಿಯುತ್ತಾರೆ. ಮಾರಾಟಗಾರ ವಸ್ತುವನ್ನು ಜೋಡಿಸುವಾಗ, ಪರೀಕ್ಷಿಸುವಾಗ, ನೋಡಿಕೊಳ್ಳುವಾಗ ಸಾಕಷ್ಟು ಎಚ್ಚರ ವಹಿಸದಿದ್ದರೆ ಅವನೇ ಹೊಣೆ ಎಂದು ಸೆಕ್ಷನ್ 86 ಹೇಳುತ್ತದೆ. ಓದಿದರೆ ನಿಮ್ಮ ಕ್ರ್ಯಾಂಕಿಗೇ ಬರೆದ ಹಾಗಿದೆ. ಆದರೆ ಅದು ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ. ಆ ವಸ್ತುವಿನಿಂದ ನಿಮಗೆ ಗಾಯವಾದರೆ, ನಿಮ್ಮ ಬೇರೆ ಆಸ್ತಿಗೆ ಹಾನಿಯಾದರೆ ಅದು ಅನ್ವಯಿಸುತ್ತದೆ. ವಸ್ತುವಿಗೇ ಆದ ಹಾನಿ ಅದರಲ್ಲಿ ಸೇರುವುದಿಲ್ಲ. ನೀವು ಬೀಳಲಿಲ್ಲ, ದೇವರ ದಯೆ. ಹಾಗಾಗಿ ನಿಮ್ಮ ದೂರು ಎರಡರ ಮೇಲೆ ನಿಲ್ಲಬೇಕು. ಕೊಟ್ಟ ವಸ್ತುವಿನಲ್ಲಿ ದೋಷ, ಮತ್ತು ಎರಡು ಸಲ ಮಾಡಿದ ಸೇವೆಯಲ್ಲಿ ಕೊರತೆ. ಬಿದ್ದು ಕೈಕಾಲು ಮುರಿದುಕೊಂಡವರು ಮಾತ್ರ ಆಸ್ಪತ್ರೆ ಕಾಗದಗಳ ಜೊತೆ ಸೆಕ್ಷನ್ 86 ಹಿಡಿಯಬಹುದು. ಅಲ್ಲಿಯೂ ಎದುರಿನವರು ಸೆಕ್ಷನ್ 87 ತೋರಿಸುತ್ತಾರೆ. ವಸ್ತುವನ್ನು ತಪ್ಪಾಗಿ ಬಳಸಿದ್ದರೆ, ಬದಲಾಯಿಸಿದ್ದರೆ ಹೊಣೆ ಇಲ್ಲ ಎನ್ನುತ್ತದೆ ಅದು.

ದೋಷವನ್ನು ಪರೀಕ್ಷೆ ಇಲ್ಲದೆ ಹೇಳಲಾಗದು ಎಂದು ಕಂಡರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಅದರ ಶುಲ್ಕ ಕಟ್ಟಲು ನಿಮಗೆ ಹೇಳಬಹುದು. ಕವರಿನಲ್ಲಿ ಎತ್ತಿಡಿ ಎಂದು ಮೊದಲೇ ಹೇಳಿದ ಕ್ರ್ಯಾಂಕ್ ಬೇಕಾಗುವುದು ಆಗ. ಕಾಯ್ದೆಯ ಪ್ರಕಾರ ಪರೀಕ್ಷೆ ಬೇಡದ ದೂರು 3 ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕು. ನಡೆಯುವಾಗ ಅದಕ್ಕಿಂತ ಜಾಸ್ತಿ ಹಿಡಿಯುವುದುಂಟು. ಕೆಲವು ನೂರು ರೂಪಾಯಿಗೆ ಇಷ್ಟೆಲ್ಲ ಬೇಕಾ ಎಂದು ನೀವು ಕೇಳಬಹುದು. ಇಮೇಲ್ ಮತ್ತು 1915 ಖಂಡಿತ ಬೇಕು, ಅದಕ್ಕೆ ಎರಡು ಸಂಜೆ ಸಾಕು. ಆಯೋಗಕ್ಕೆ ಹೋಗುವುದು ನಿಮಗೆ ಬಿಟ್ಟದ್ದು. ನನ್ನನ್ನು ಕೇಳಿದರೆ, ಓಡುವ ಸೈಕಲ್ಲಿನಿಂದ ಕ್ರ್ಯಾಂಕ್ ಕಳಚುವುದು ಚಿಲ್ಲರೆ ವಿಷಯ ಅಲ್ಲ. ಅದೇ ಕ್ಷಣದಲ್ಲಿ ಹಿಂದೆ ಒಂದು ಲಾರಿ ಇದ್ದಿದ್ದರೆ? ಅಂಗಡಿಯವರು ಮುಂದಿನ ಸೈಕಲ್ ಕೊಡುವಾಗ ರೆಂಚ್ ಹಿಡಿದು ಕೊಡಲಿ ಎಂಬ ಆಸೆ ನನ್ನದು.

ಇನ್ನು ರಿಪೇರಿ. ಕಂಪನಿಯವರು ಕೊಟ್ಟರೂ, ನೀವೇ ಕೊಂಡರೂ ಕೆಲವು ವಿಷಯ ನೋಡಿಕೊಳ್ಳಿ. ಉದ್ದ ಬಲಗಡೆಯದಕ್ಕೆ ಸಮ ಇರಬೇಕು. 170 ಮಿಲಿಮೀಟರ್ ಸಾಮಾನ್ಯ, ಆದರೆ ಒಳಬದಿಯ ಅಂಕಿ ನೋಡಿಯೇ ಕೊಳ್ಳಿ. ಚೌಕದಲ್ಲಿ ಜೆಐಎಸ್, ಐಎಸ್ಒ ಎಂದು ಎರಡು ಅಳತೆ ಇವೆ. ಇಳಿಜಾರು ಎರಡಕ್ಕೂ ಒಂದೇ, ದಪ್ಪ ಬೇರೆ. ಐಎಸ್ಒ ಆಕ್ಸಲ್ ಮೇಲೆ ಜೆಐಎಸ್ ಕ್ರ್ಯಾಂಕ್ ಹಾಕಿದರೆ ಸುಮಾರು 4.5 ಮಿಲಿಮೀಟರ್ ಹೆಚ್ಚು ಒಳಗೆ ಹೋಗಿ ತಳ ಮುಟ್ಟಿಬಿಡಬಹುದು, ಮತ್ತೆ ಅದೇ ಗೋಳು. ನಿಮ್ಮ ಬೆಲೆಯ ಸೈಕಲ್ಲಿನಲ್ಲಿ ಹೆಚ್ಚಾಗಿ ಜೆಐಎಸ್ ಇರುತ್ತದೆ, ಆದರೂ ಕೇಳಿ.

ಕೂರಿಸುವಾಗ ಆಕ್ಸಲ್ ಮತ್ತು ತೂತು ಎರಡನ್ನೂ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಬೋಲ್ಟಿನ ಮರೆಗೂ (ಥ್ರೆಡ್) ತಲೆಯ ಕೆಳಗೂ ಗ್ರೀಸ್ ಹಚ್ಚಲೇಬೇಕು. ಇಲ್ಲದಿದ್ದರೆ ಹಾಕಿದ ಬಲದ ಬಹುಪಾಲು ಮರೆಯ ಉಜ್ಜಾಟಕ್ಕೇ ಹೋಗಿ, ಕ್ರ್ಯಾಂಕ್ ಕೂರುವುದೇ ಇಲ್ಲ. ಚೌಕದ ಮುಖಗಳಿಗೆ ಗ್ರೀಸ್ ಹಚ್ಚಬೇಕೋ ಬೇಡವೋ ಎಂದು ಅನುಭವಿಗಳಲ್ಲೇ ಎರಡು ಪಂಗಡ ಇದೆ. ತಯಾರಕರ ಪುಸ್ತಕ ಏನು ಹೇಳುತ್ತದೋ ಹಾಗೆ ಮಾಡಿ. ಪುಸ್ತಕ ಇಲ್ಲದಿದ್ದರೆ ನಾನು ಒಣಗಿಯೇ ಕೂರಿಸುತ್ತೇನೆ. ಆಮೇಲೆ 40ಕ್ಕೆ ಟಾರ್ಕ್ ರೆಂಚ್. ಸುತ್ತಿಗೆ ಬೇಡ, ಆ ಏಟು ನೇರ ಬಿಬಿ ಬೇರಿಂಗಿಗೆ ಹೋಗುತ್ತದೆ. ತಂಪು ಪಾನೀಯದ ಡಬ್ಬ ಕತ್ತರಿಸಿ ಒಳಗೆ ಪಟ್ಟಿ ಇಡುವುದು, ದುಂಡಾದ ತೂತಿನ ಬೋಲ್ಟಿಗೆ ಅಂಟು ಹಾಕುವುದು ಇವೆಲ್ಲ ದಾರಿ ಮಧ್ಯೆ ಸಿಕ್ಕಿಕೊಂಡವನು ಮನೆ ಸೇರಲು ಮಾಡುವ ಉಪಾಯ. ದಿನಾ ತುಳಿಯುವ ಸೈಕಲ್ಲಿಗೆ ಸಲ್ಲದು.

ಬಲಗಡೆಯದನ್ನೂ ಬಿಚ್ಚಿಸಿ ನೋಡುವುದಾದರೆ ಕ್ರ್ಯಾಂಕ್ ಪುಲ್ಲರ್ ಬೇಕು. ಬೋಲ್ಟ್ ಮತ್ತು ವಾಷರ್ ಎರಡೂ ಹೊರಗೆ ಬಂದಿವೆಯೇ ಎಂದು ನೋಡಿಯೇ ಪುಲ್ಲರನ್ನು ಕೊನೆಯವರೆಗೂ ತಿರುಗಿಸಿ ಹಾಕಬೇಕು. ಅರ್ಧ ಹಾಕಿ ಎಳೆದರೆ ಕ್ರ್ಯಾಂಕಿನ ಮರೆ ಕಿತ್ತುಹೋಗುತ್ತದೆ, ಆಗ ಒಳ್ಳೆಯ ಕ್ರ್ಯಾಂಕೂ ಹಾಳು.

ಓದುವ ಬೇರೆಯವರಿಗೂ ಒಂದು ಮಾತು. ಕ್ರ್ಯಾಂಕಿನ ಬುಡದಲ್ಲಿ ಅಕ್ಕಪಕ್ಕ ಎರಡು ಚಿಕ್ಕ ಬೋಲ್ಟ್ ಕಂಡರೆ ಅದು ಚೌಕದ್ದಲ್ಲ, ಟೊಳ್ಳು ಆಕ್ಸಲ್‌ನ ಶಿಮಾನೊ ಹಾಲೋಟೆಕ್ 2 ರೀತಿಯದು. ಅದಕ್ಕೆ 40 ಹಾಕಿದರೆ ಬೋಲ್ಟ್ ಮುರಿಯುತ್ತದೆ. 12ರಿಂದ 14 ಸಾಕು, ಎರಡನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಮತ್ತೆ, 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದ ಶಿಮಾನೊ ಅಲ್ಟೆಗ್ರಾ, ಡ್ಯೂರಾ-ಏಸ್ 11 ಸ್ಪೀಡ್ ಕ್ರ್ಯಾಂಕ್‌ಗಳಲ್ಲಿ ಅಂಟಿಸಿದ ಭಾಗ ಬಿಟ್ಟುಕೊಳ್ಳುವ ತೊಂದರೆ ಕಂಡು, 2023ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ಉಚಿತ ತಪಾಸಣೆ ಘೋಷಿಸಿತು. ಹಳೆಯ ರೋಡ್ ಬೈಕ್ ಸೆಕೆಂಡ್ ಹ್ಯಾಂಡ್ ಕೊಂಡವರು ಕ್ರ್ಯಾಂಕ್ ಒಳಬದಿಯ ಕೋಡ್ ನೋಡಿಕೊಳ್ಳಿ.

ಹೊಸ ಕ್ರ್ಯಾಂಕ್ ಬಂದ ಮೇಲೆ ಬೋಲ್ಟಿನ ತಲೆಯಿಂದ ಕ್ರ್ಯಾಂಕಿನವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಎಂದರ್ಥ, ನೋಡಲು ಎರಡು ಸೆಕೆಂಡ್ ಸಾಕು. ಮೊದಲ 50 ಕಿಲೋಮೀಟರ್ ಆದ ಮೇಲೆ ಒಮ್ಮೆ 40ಕ್ಕೆ ರೆಂಚ್ ಇಟ್ಟು ನೋಡಿ. ಆಮೇಲೆ ತಿಂಗಳಿಗೊಮ್ಮೆ ಎರಡೂ ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲುಗಾಡಿಸಿ. ಒಂದೇ ಅಲುಗಾಡಿದರೆ ಕ್ರ್ಯಾಂಕ್, ಎರಡೂ ಒಟ್ಟಿಗೆ ಅಲುಗಾಡಿದರೆ ಬಿಬಿ ಬೇರಿಂಗ್. ಒಂದು ಅಲುಗಾಡಿದರೂ ಅವತ್ತು ಕೆಲಸಕ್ಕೆ ಬಸ್ಸಿನಲ್ಲಿ ಹೋಗಿ.